ಉಪವಾಸ ಬಿಡಿಸುವ ಲೋಟ

ಶಿಷ್ಯ ಕೇಳಿದ: “ಗುರುಗಳೇ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಿಮಗೆ ನೀರು ಕೊಡುತ್ತಿದ್ದವನು ನಾನು. ಇಷ್ಟು ವರ್ಷದ ಆ ಸೇವೆಯನ್ನು ಇವತ್ತು ಚನ್ನವೀರನಿಗೆ ಏಕೆ ಹೇಳಿದಿರಿ? ಅವನು ಆಶ್ರಮಕ್ಕೆ ಬಂದದ್ದು ಮೊನ್ನೆ ಮೊನ್ನೆ.”

ನೀರಿನ ತಂಬಿಗೆ ಶಿಷ್ಯನ ಕೈಯಲ್ಲೇ ಇತ್ತು. ಬೆಳಿಗ್ಗೆ ಅದನ್ನು ಚನ್ನವೀರನಿಂದ ಕಿತ್ತುಕೊಂಡಿದ್ದ. ಚನ್ನವೀರ ಬಾಗಿಲ ಬಳಿ ಬರಿಗೈಯಲ್ಲಿ ನಿಂತಿದ್ದ. ಪ್ರಾರ್ಥನೆ ಮುಗಿದು ಬಹಳ ಹೊತ್ತಾಗಿತ್ತು.

ಗುರುಗಳು ಕತೆ ಹೇಳಿದರು.

ಸ್ವಾತಂತ್ರ್ಯಕ್ಕಾಗಿ ಜನ ಜೈಲಿಗೆ ಹೋಗುತ್ತಿದ್ದ ಕಾಲ. ಒಬ್ಬ ನಾಯಕರಿದ್ದರು. ಲಾಠಿ ಎತ್ತಿದವರ ಮುಂದೆಯೂ ಅವರು ಕೈ ಎತ್ತಿದವರಲ್ಲ. ತಪ್ಪು ಮಾಡಿದವನನ್ನು ನೋಯಿಸಬೇಡಿ, ಅವನ ಮನಸ್ಸು ತಿರುಗುವವರೆಗೆ ನೋವನ್ನು ನೀವು ಉಣ್ಣಿ ಎನ್ನುತ್ತಿದ್ದರು. ಕೇಳಿದವರೆಲ್ಲ ತಲೆದೂಗುತ್ತಿದ್ದರು. ತಲೆದೂಗುವುದು ಕಷ್ಟವಿರಲಿಲ್ಲ.

ಅವರು ಒಂದು ಊರಿಗೆ ಬಂದರು. ಆ ಊರಿನ ಬಾವಿಯಲ್ಲಿ ಕೆಳಗಿನ ಕೇರಿಯವರು ನೀರು ಸೇದುವಂತಿರಲಿಲ್ಲ. ನಾಯಕರು ಯಾರನ್ನೂ ಬೈಯಲಿಲ್ಲ. ಬಾವಿಕಟ್ಟೆಯ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಈ ಊರು ಒಂದಾಗುವವರೆಗೆ ತಮಗೆ ಅನ್ನ ಬೇಡ ಎಂದು ಕುಳಿತರು.

ಆ ಊರಿನಲ್ಲಿ ಅವರಿಗೆ ಇಬ್ಬರು ಭಕ್ತರಿದ್ದರು. ಒಬ್ಬ ವ್ಯಾಪಾರಿ, ಒಬ್ಬ ರೈತ. ವ್ಯಾಪಾರಿ ತನ್ನ ಅಂಗಡಿಯ ವಿದೇಶಿ ಬಟ್ಟೆಗೆ ಬೆಂಕಿ ಇಟ್ಟಿದ್ದ. ರೈತ ಜೈಲಿಗೆ ಹೋಗಿ ಬಂದಿದ್ದ. ಆ ಜೈಲು ತನಗೆ ಸಿಗಲಿಲ್ಲವಲ್ಲ ಎಂದು ವ್ಯಾಪಾರಿಗೆ ಸಂಕಟ. ಸುಡುವಷ್ಟು ಬಟ್ಟೆ ತನ್ನಲ್ಲಿರಲಿಲ್ಲವಲ್ಲ ಎಂದು ರೈತನಿಗೆ ಸಂಕಟ. ಪರಕೀಯ ಸರ್ಕಾರದ ಮೇಲೆ ಕೂಡ ಇಬ್ಬರಿಗೂ ಅಷ್ಟು ಹೊಟ್ಟೆಯುರಿ ಇರಲಿಲ್ಲ.

ಆದರೂ ಇಬ್ಬರೂ ಮನೆಮನೆಗೆ ಹೋಗಿ ಕೈಮುಗಿದರು. ಇತ್ತ ನಾಯಕರ ದನಿ ಕುಗ್ಗುತ್ತ ಬಂತು. ಊರು ಹೆದರಿತು, ಆಮೇಲೆ ಕರಗಿತು. ಒಂದು ಬೆಳಿಗ್ಗೆ ಕೆಳಗಿನ ಕೇರಿಯ ಹೆಂಗಸರು ಬಾವಿಗೆ ಹಗ್ಗ ಬಿಟ್ಟರು. ಯಾರೂ ತಡೆಯಲಿಲ್ಲ. ಉಪವಾಸ ಬಿಡಿಸುವುದೊಂದೇ ಉಳಿಯಿತು.

ಯಾರಾದರೊಬ್ಬರು ನಾಯಕರ ಬಾಯಿಗೆ ಲೋಟ ಹಿಡಿದರೆ ಉಪವಾಸ ಬಿಟ್ಟಂತೆ. ಹಿಡಿದವನನ್ನು ಊರು ನೆನಪಿಡುತ್ತದೆ. ವ್ಯಾಪಾರಿ ಬೆಳ್ಳಿ ಲೋಟದಲ್ಲಿ ಮೋಸಂಬಿ ರಸ ತಂದ. ರೈತ ಹಿತ್ತಾಳೆ ಲೋಟದಲ್ಲಿ ಮೇಕೆ ಹಾಲು ತಂದ. ಇಬ್ಬರೂ ಚಾಪೆಯ ಎರಡು ಬದಿಗೆ ನಿಂತರು.

“ಗೌಡ್ರೇ, ಸ್ವಲ್ಪ ಸರೀರಿ,” ಎಂದ ವ್ಯಾಪಾರಿ. “ಖಾಲಿ ಹೊಟ್ಟೆಗೆ ಹಾಲು ಆಗೋದಿಲ್ಲ.”

“ಶೆಟ್ರೇ, ಇವರ ಹೆಸರು ಹೇಳಿ ಜೈಲಿಗೆ ಹೋದವನು ನಾನು. ಆಗ ನೀವು ಅಂಗಡೀಲಿ ಕೂತಿದ್ರಿ.”

“ಬಟ್ಟೆ ಸುಟ್ಟವನು ನಾನು.”

“ಹೌದು ಬಿಡಿ. ಹುಳ ತಿಂದು ಮಿಕ್ಕಿದ ಬಟ್ಟೆ.”

ವ್ಯಾಪಾರಿಯ ಕಡೆಯವರು ಒಂದು ಬದಿಗೆ ಸೇರಿದರು. ರೈತನ ಕಡೆಯವರು ಇನ್ನೊಂದು ಬದಿಗೆ ಸೇರಿದರು. ಕೆಳಗಿನ ಕೇರಿಯವರು ಬಿಂದಿಗೆ ಇಳಿಸಿ ನೋಡುತ್ತ ನಿಂತರು. ಅವರ ಜಗಳ ಮುಗಿದಿತ್ತು.

ಬಿಸಿಲೇರಿತು. ಹಾಲು ಕೆಟ್ಟಿತು. ರೈತ ಬೇರೆ ಹಾಲು ತರಿಸಿದ. ರಸಕ್ಕೆ ನೊಣ ಬಿತ್ತು. ವ್ಯಾಪಾರಿ ಬೇರೆ ಹಣ್ಣು ಹಿಂಡಿಸಿದ. ನಾಯಕರ ಕಡೆಗೆ ಇಬ್ಬರೂ ನೋಡಲಿಲ್ಲ. ಒಬ್ಬನ ಲೋಟವನ್ನು ಇನ್ನೊಬ್ಬ ನೋಡುತ್ತಿದ್ದ.

ಸಂಜೆಯ ಹೊತ್ತಿಗೆ ನಾಯಕರು ಕಷ್ಟಪಟ್ಟು ಕಣ್ಣು ತೆರೆದರು. “ಊರು ಒಂದಾಯಿತೇ?” ಎಂದು ಕೇಳಿದರು.

ಇಬ್ಬರೂ ತಲೆ ತಗ್ಗಿಸಿದರು. ಲೋಟ ಮಾತ್ರ ತಗ್ಗಿಸಲಿಲ್ಲ. ಕೆಳಗಿನ ಕೇರಿಯ ಮುದುಕಿಯೊಬ್ಬಳು ಹೇಳಿದಳು: “ಬಾವೀದು ಮುಗೀತು ಕಣಪ್ಪಾ. ಈಗ ಲೋಟದ್ದು ಶುರುವಾಗಿದೆ.”

“ಹಾಗಾದರೆ ನನಗಿನ್ನೂ ಹಸಿವಿಲ್ಲ ತಾಯಿ,” ಎಂದು ನಾಯಕರು ಮತ್ತೆ ಕಣ್ಣು ಮುಚ್ಚಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಂಬಿಗೆಯನ್ನು ಎದೆಗೆ ಒತ್ತಿಕೊಂಡ. ಅವನಿಗೆ ತಡೆಯಲಾಗಲಿಲ್ಲ.

“ಕೊನೆಗೆ ಯಾರ ಲೋಟದಿಂದ ಕುಡಿದರು, ಗುರುಗಳೇ?”

ಗುರುಗಳು ಹೇಳಿದರು: “ಬೆಳಗಿನಿಂದ ನನಗೆ ಬಾಯಾರಿದೆ.”