ಹುತ್ತದ ಒಲೆಯ ಪಿಜ್ಜಾ

ಒಂದು ಕಾಡಿನಲ್ಲಿ ಜೇನಕ್ಕ ಎಂಬ ಕರಡಿ ಇದ್ದಳು. ಅದೇ ಕಾಡಿನ ಮೇಲುಗುಡ್ಡದ ಗವಿಯಲ್ಲಿ ಚುಕ್ಕವ್ವ ಎಂಬ ಮುದಿ ಚಿರತೆ ಇದ್ದಳು. ಜೇನಕ್ಕ ಮರಿಯಾಗಿದ್ದಾಗ ಒಮ್ಮೆ ಕಾಡಿಗೆ ಬೆಂಕಿ ಬಿದ್ದಿತ್ತು. ಹೊಗೆಯಲ್ಲಿ ದಾರಿ ಕಾಣದೆ ಅಳುತ್ತಿದ್ದ ಅವಳನ್ನು ಹಳ್ಳ ದಾಟಿಸಿ ಉಳಿಸಿದವಳು ಚುಕ್ಕವ್ವ. ಅಂದು ಮೊಲದ ಮರಿಗಳನ್ನೂ ಕಾಡೆಮ್ಮೆಯ ಕರುವನ್ನೂ ಅವಳೇ ದಾಟಿಸಿದ್ದಳು. ಅಂದಿನಿಂದ ಆ ಕಾಡಿನಲ್ಲಿ ಚುಕ್ಕವ್ವನ ಮಾತು ಬಂದರೆ ಎಲ್ಲರ ದನಿಯೂ ಮೆತ್ತಗಾಗುತ್ತಿತ್ತು.

ಈಗ ಚುಕ್ಕವ್ವನಿಗೆ ವಯಸ್ಸಾಗಿತ್ತು. ಹಲ್ಲುಗಳು ಒಂದೊಂದಾಗಿ ಉದುರಿಹೋಗಿದ್ದವು. ಬೇಟೆಯಾಡುವುದಿರಲಿ, ಮಾಂಸ ಅಗಿಯುವುದೇ ಕಷ್ಟವಾಗಿತ್ತು. ಅವಳಿಗೆ ಊಟ ಮುಟ್ಟಿಸುವ ಕೆಲಸವನ್ನು ಒಬ್ಬ ನರಿ ತಾನಾಗಿಯೇ ವಹಿಸಿಕೊಂಡಿದ್ದ. ಅವನ ಮಾತು ಬೆಣ್ಣೆಯಂತೆ ಮೆತ್ತಗಿದ್ದುದರಿಂದ ಎಲ್ಲರೂ ಅವನನ್ನು ಮೆತ್ತಪ್ಪ ಎಂದು ಕರೆಯುತ್ತಿದ್ದರು. ಬೆಳಗಾದರೆ ಮೆತ್ತಪ್ಪ ಮನೆಮನೆಗೂ ಬರುತ್ತಿದ್ದ. ಚುಕ್ಕವ್ವನ ಪಾಲು ಕೊಡಿ ಎಂದು ಕೇಳುತ್ತಿದ್ದ. ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಸಂಜೆಗೆ ಬರಿದಾದ ಎಲೆ ಹಿಡಿದು ಬಂದು, ಚುಕ್ಕವ್ವ ಎಲ್ಲವನ್ನೂ ತಿಂದಳು, ನಿಮ್ಮನ್ನು ಹರಸಿದಳು ಎಂದು ಹೇಳುತ್ತಿದ್ದ. ಯಾರಾದರೂ ತಾವೇ ಹೋಗಿ ನೋಡಿಬರುತ್ತೇವೆ ಎಂದರೆ ತಲೆಯಾಡಿಸುತ್ತಿದ್ದ. ಹಲ್ಲಿಲ್ಲದ ಮುಖವನ್ನು ಯಾರಿಗೂ ತೋರಿಸಲು ಅವಳಿಗೆ ಇಷ್ಟವಿಲ್ಲವಂತೆ, ಯಾರೂ ಬರಬಾರದಂತೆ ಎನ್ನುತ್ತಿದ್ದ. ಇದ್ದರೂ ಇರಬಹುದು ಎಂದುಕೊಂಡು ಎಲ್ಲರೂ ಸುಮ್ಮನಾಗುತ್ತಿದ್ದರು. ಜೇನಕ್ಕನೂ ಸುಮ್ಮನಾಗಿದ್ದಳು.

ಆದರೆ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಹಲ್ಲಿಲ್ಲದವಳು ಎಷ್ಟು ದಿನ ಅಂತ ಗಟ್ಟಿ ಮಾಂಸವನ್ನು ಚೀಪುತ್ತಾಳೆ ಎಂದು ಯೋಚಿಸಿದಳು. ಮೆತ್ತಗಿರಬೇಕು, ರುಚಿಯಾಗಿರಬೇಕು, ಮಾಂಸವೂ ಇರಬೇಕು. ಅಂಥ ತಿನಿಸು ಯಾವುದು ಎಂದು ಅವಳು ಕೆಂಚಿಯನ್ನು ಕೇಳಿದಳು. ಕೆಂಚಿ ಒಂದು ಗೊರವಂಕ ಹಕ್ಕಿ. ಪೇಟೆಯ ಬೇಕರಿಯೊಂದರ ಗೋಡೆಯ ಸಂದಿನಲ್ಲಿ ಎರಡು ವರ್ಷ ಗೂಡು ಕಟ್ಟಿಕೊಂಡಿದ್ದು ಕಾಡಿಗೆ ಮರಳಿದ್ದಳು. ಅಲ್ಲಿ ಕಂಡದ್ದನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಹೇಳುವುದು ಅವಳ ಅಭ್ಯಾಸ.

ಕೆಂಚಿ ಒಂದೇ ಉಸಿರಿಗೆ ಪಿಜ್ಜಾದ ಹೆಸರು ಹೇಳಿದಳು. ಅದು ರೊಟ್ಟಿಯೋ ದೋಸೆಯೋ ಎಂದು ಜೇನಕ್ಕ ಕೇಳಿದಳು. ಎರಡೂ ಅಲ್ಲ ಎಂದಳು ಕೆಂಚಿ. ಗೋಧಿ ಹಿಟ್ಟನ್ನು ನಾದಿ, ಉಬ್ಬಲು ಬಿಟ್ಟು, ಅಗಲವಾಗಿ ತಟ್ಟಬೇಕು. ಮೇಲೆ ಟೊಮೆಟೊ ಗೊಜ್ಜು ಸವರಬೇಕು. ಬೇಯಿಸಿದ ಮಾಂಸ ಹರಡಿ, ಚೀಸ್ ಹಾಕಿ, ಕಾದ ಗೂಡೊಲೆಯಲ್ಲಿ ಇಡಬೇಕು. ದಪ್ಪಗೆ ತಟ್ಟಿ ಹದವಾಗಿ ಬೇಯಿಸಿದರೆ ಹಲ್ಲಿಲ್ಲದವರೂ ಒಸಡಿನಲ್ಲೇ ಅಗಿಯಬಹುದು ಎಂದಳು.

ಜೇನಕ್ಕ ಆ ಕ್ಷಣವೇ ಮಾಡುವುದೆಂದು ನಿರ್ಧರಿಸಿದಳು. ಆದರೆ ಕಾಡಿನಲ್ಲಿ ಒಲೆ ಎಲ್ಲಿದೆ, ಚೀಸ್ ಎಲ್ಲಿದೆ? ಎಲ್ಲವನ್ನೂ ಮೊದಲಿನಿಂದ ಮಾಡಿಕೊಳ್ಳಬೇಕಿತ್ತು. ಹುತ್ತ ಅಗೆಯುವುದರಲ್ಲಿ ಕರಡಿಯನ್ನು ಮೀರಿಸುವವರಿಲ್ಲ. ಗೆದ್ದಲು ಬಿಟ್ಟುಹೋದ ದೊಡ್ಡ ಹುತ್ತವೊಂದನ್ನು ಹುಡುಕಿ, ಒಳಗೆಲ್ಲ ಕೆರೆದು ಟೊಳ್ಳು ಮಾಡಿದಳು. ತಳಕ್ಕೆ ಚಪ್ಪಟೆ ಕಲ್ಲು ಹಾಸಿದಳು. ಹೊಗೆ ಹೋಗಲು ಮೇಲೆ ಒಂದು ತೂತು ಬಿಟ್ಟಳು. ಕೆಂಚಿಯ ಬಳಗದವರು ಕಾಡಂಚಿನ ಹೊಲದಲ್ಲಿ ಕೊಯ್ಲಾದ ಮೇಲೆ ಉಳಿದಿದ್ದ ಗೋಧಿ ಕಾಳನ್ನು ಕೊಕ್ಕಿನಲ್ಲಿ ತಂದು ಗುಡ್ಡೆ ಹಾಕಿದರು. ಜೇನಕ್ಕ ಅದನ್ನು ಬಂಡೆಯ ಮೇಲೆ ಉಜ್ಜಿ ಉಜ್ಜಿ ಹಿಟ್ಟು ಮಾಡಿದಳು. ತೋಳು ಸೋತರೂ ಬಿಡಲಿಲ್ಲ.

ಮೊದಲ ದಿನ ಮಾಡಿದ್ದು ಕೆಟ್ಟುಹೋಯಿತು. ಹಿಟ್ಟು ಉಬ್ಬಲೇ ಇಲ್ಲ. ಬೆಂದಮೇಲೆ ಅದು ಎಷ್ಟು ಗಟ್ಟಿಯಾಗಿತ್ತೆಂದರೆ, ಕೆಂಚಿ ಅದರ ಮೇಲೆ ಕೂತು ಕೊಕ್ಕು ಮಸೆದಳು. ಜೇನಕ್ಕನಿಗೆ ಅಳುವೇ ಬಂತು. ಆಮೇಲೆ ಕೆಂಚಿ ನೆನಪು ಮಾಡಿಕೊಂಡು, ಬೇಕರಿಯವರು ಹಿಟ್ಟಿಗೆ ಏನೋ ಒಂದು ಹುಳಿಯನ್ನು ಹಾಕುತ್ತಿದ್ದರು ಎಂದಳು. ಹುಳಿ ಬಂದ ಈಚಲ ರಸದ ವಾಸನೆ ಜೇನಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ನೊರೆಯಾಡುತ್ತಿದ್ದ ಆ ರಸವನ್ನು ಸೋರೆ ಬುರುಡೆಯಲ್ಲಿ ಹಿಡಿದು ತಂದಳು. ಅದರಲ್ಲಿ ಒಂದಿಷ್ಟು ಹಿಟ್ಟು ಕಲಸಿಟ್ಟಳು. ಅರ್ಧ ದಿನಕ್ಕೆ ಹಿಟ್ಟು ಹೊಟ್ಟೆ ಉಬ್ಬಿಸಿಕೊಂಡು ಎದ್ದು ನಿಂತಿತು. ಅದನ್ನು ಕಂಡು ಜೇನಕ್ಕ ಒಬ್ಬಳೇ ನಕ್ಕಳು.

ಚೀಸಿಗೆ ಹಾಲು ಬೇಕಿತ್ತು. ಅಂದು ಬೆಂಕಿಯಿಂದ ಪಾರಾಗಿದ್ದ ಕರು ಈಗ ಗಂಗಿ ಎಂಬ ಕಾಡೆಮ್ಮೆಯಾಗಿದ್ದಳು. ಚುಕ್ಕವ್ವನಿಗೆಂದು ಕೇಳಿದ ಕೂಡಲೇ ಅವಳು ತನ್ನ ಕರುವಿಗೆ ಕುಡಿಸಿ ಉಳಿದ ಹಾಲನ್ನು ಕೊಟ್ಟಳು. ಜೇನಕ್ಕ ಹಾಲನ್ನು ಬೆಚ್ಚಗೆ ಮಾಡಿ, ಅತ್ತಿ ಕೊಂಬೆ ಮುರಿದು ಅದರ ಬಿಳಿ ಹಾಲನ್ನು ನಾಲ್ಕು ಹನಿ ಬಿಟ್ಟಳು. ಹಾಲು ಗಟ್ಟಿಯಾಗಿ ಗಡ್ಡೆ ಕಟ್ಟಿತು. ಅದನ್ನು ಹಿಂಡಿ, ಸ್ವಲ್ಪ ಹುಳಿಯಾಗಲು ಬಿಟ್ಟು, ಬಿಸಿನೀರಿನಲ್ಲಿ ಅದ್ದಿ ಎಳೆದಳು. ಮೊದಲು ಹರಿದುಹೋಯಿತು. ಮತ್ತೆ ಅದ್ದಿ ಮತ್ತೆ ಎಳೆದಾಗ ನಾರುನಾರಾಗಿ ಹಿಗ್ಗಿತು. ಕೆಂಚಿ ರೆಕ್ಕೆ ಬಡಿದು, ಇದೇ ಚೀಸ್ ಎಂದಳು. ಕಾಡಾಚೆಯ ಹಟ್ಟಿಯ ಕುರಿಯೊಂದು ಬಂಡೆಯಿಂದ ಜಾರಿ ಸತ್ತಿತ್ತು. ಅದರ ತೊಡೆಯ ಮಾಂಸವನ್ನು ಜೇನಕ್ಕ ಕಲ್ಲಿನಲ್ಲಿ ಜಜ್ಜಿ ಜಜ್ಜಿ ಕೈಮಾ ಮಾಡಿದಳು. ಮೆಣಸು, ಉಪ್ಪು, ಕಾಡು ಬೆಳ್ಳುಳ್ಳಿ ಹಾಕಿ ಅದರದೇ ಕೊಬ್ಬಿನಲ್ಲಿ ಹುರಿದಳು. ಆ ಘಮ ಮೂರು ಗುಡ್ಡದಾಚೆಗೂ ಹೋಯಿತು.

ಘಮ ಹಿಡಿದು ಮೆತ್ತಪ್ಪನೂ ಬಂದ. ಜೇನಕ್ಕ ಬಹಳ ದಣಿದಿದ್ದಾಳೆಂದು ಮರುಗಿದ. ಬೆಂದ ಮೇಲೆ ತನ್ನ ಕೈಗೆ ಕೊಟ್ಟರೆ ಬಿಸಿಬಿಸಿಯಾಗಿ ಮುಟ್ಟಿಸುತ್ತೇನೆ ಎಂದ. ಜೇನಕ್ಕ ಈ ಸಲ ಒಪ್ಪಲಿಲ್ಲ.

"ಇದನ್ನು ನಾನೇ ಒಯ್ಯುತ್ತೇನೆ, ಮೆತ್ತಪ್ಪ. ಒಳಗೆ ಹೋಗುವುದಿಲ್ಲ, ಗವಿಯ ಬಾಗಿಲಲ್ಲಿ ಇಟ್ಟು ಬರುತ್ತೇನೆ. ಅವಳು ತಿನ್ನುವುದನ್ನು ದೂರದಿಂದಲೇ ನೋಡಬೇಕು ಅನ್ನಿಸಿದೆ."

"ನೀವು ಹೋದರೆ ಅವಳಿಗೆ ಸಿಟ್ಟು ಬರುತ್ತದೆ ಜೇನಕ್ಕ," ಎಂದ ಮೆತ್ತಪ್ಪ.

"ಬಂದರೆ ಬೈಯಲಿ. ಅವಳ ಬೈಗುಳ ಕೇಳಿಯೂ ಬಹಳ ದಿನವಾಯಿತು," ಎಂದಳು ಜೇನಕ್ಕ.

ಮೆತ್ತಪ್ಪನ ಮುಖ ಸಣ್ಣದಾಯಿತು. ಹಾಗಾದರೆ ಒಳ್ಳೆಯದೇ ಆಯಿತು ಎಂದು ಹೇಳಿ ಹೊರಟುಹೋದ. ಹೋದವನು ಪೊದೆಯ ಹಿಂದೆ ಕೂತ. ಜೇನಕ್ಕ ನಾದಿದ ಹಿಟ್ಟನ್ನು ಬಂಡೆಯ ಕುಳಿಯಲ್ಲಿಟ್ಟು, ಮುತ್ತುಗದ ಎಲೆ ಮುಚ್ಚಿ, ಒಲೆಗೆ ಸೌದೆ ತರಲು ಕೆಂಚಿಯೊಡನೆ ಹೋದಳು. ಹಿಟ್ಟಿಲ್ಲದಿದ್ದರೆ ಪಿಜ್ಜಾ ಇಲ್ಲ, ಪಿಜ್ಜಾ ಇಲ್ಲದಿದ್ದರೆ ಇವಳು ಗವಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕಿದ ಮೆತ್ತಪ್ಪ ಎಲೆ ಸರಿಸಿದ. ಹಿಟ್ಟನ್ನು ಹಳ್ಳಕ್ಕೆ ಎಸೆಯಬೇಕೆಂದೇ ಬಂದಿದ್ದ. ಆದರೆ ಅದರ ಸಿಹಿಹುಳಿ ವಾಸನೆ ಮೂಗಿಗೆ ಬಡಿಯಿತು. ಒಂದು ತುತ್ತು ತಿಂದ. ಇನ್ನೊಂದು ತಿಂದ. ಕೊನೆಗೆ ಕುಳಿಯ ಅಂಚಿಗೆ ಅಂಟಿದ್ದು ಬಿಟ್ಟು ಎಲ್ಲವನ್ನೂ ನುಂಗಿದ. ಆಮೇಲೆ, ಯಾರೂ ಬಾರದ ಜಾಗವೆಂದು ಗವಿಯ ಕಡೆಗೆ ಓಡಿದ.

ಸೌದೆ ಹೊತ್ತು ಬಂದ ಜೇನಕ್ಕ ಖಾಲಿ ಕುಳಿಯನ್ನು ಕಂಡು ಹಾಗೆಯೇ ಕೂತುಬಿಟ್ಟಳು. ನಾಲ್ಕು ದಿನದ ದುಡಿಮೆ ಹಾಳಾಗಿತ್ತು. ಬಂಡೆಯ ಮೇಲೆ ಹಿಟ್ಟು ಮೆತ್ತಿದ ಬಿಳಿಯ ಹೆಜ್ಜೆಗಳಿದ್ದವು. ಅವು ಮೇಲುಗುಡ್ಡದ ಕಡೆಗೆ ಹೋಗಿದ್ದವು. ಜೇನಕ್ಕ ಎದ್ದಳು. ಕೆಂಚಿ ಮುಂದೆ ಮುಂದೆ ಹಾರಿದಳು. ಇಬ್ಬರೂ ಹೆಜ್ಜೆ ಹಿಡಿದು ಗವಿಯವರೆಗೆ ಬಂದರು.

ಗವಿಯ ಬಾಗಿಲಲ್ಲಿ ಮೆತ್ತಪ್ಪ ಅಂಗಾತ ಬಿದ್ದಿದ್ದ. ಬೆಚ್ಚಗಿನ ಹೊಟ್ಟೆಯೊಳಗೆ ಹಿಟ್ಟು ಉಬ್ಬುತ್ತಲೇ ಇತ್ತು. ಹೊಟ್ಟೆ ಸೋರೆ ಬುರುಡೆಯಂತಾಗಿತ್ತು. ಹುಳಿ ತಲೆಗೇರಿ ಕಣ್ಣುಗಳು ತೇಲುತ್ತಿದ್ದವು. ಅವನ ಪಕ್ಕದಲ್ಲಿ ಚುಕ್ಕವ್ವ ಕೂತಿದ್ದಳು. ಚರ್ಮದ ಕೆಳಗೆ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಗವಿಯ ಮೂಲೆಯಲ್ಲಿ ಅವಳಿಗೆ ಕಡಿಯಲಾಗದ ಒಣ ಮೂಳೆಗಳ ರಾಶಿ ಇತ್ತು. ಆದರೂ ಅವಳು ನರಿಯ ಹಣೆ ನೆಕ್ಕುತ್ತಿದ್ದಳು. ಕಣ್ಣೆತ್ತಿ ನೋಡಿ, ಬಂದವಳು ಜೇನಿಯೇ ಎಂದು ಕೇಳಿದಳು. ನೀವೆಲ್ಲ ನನ್ನನ್ನು ಮರೆತಿರಿ ಎಂದು ಇವನು ಹೇಳಿದ್ದ ಎಂದಳು.

ಜೇನಕ್ಕ ನರಿಯ ಕಡೆಗೆ ತಿರುಗಿದಳು. ಆಗ ಅಮಲಿನಲ್ಲಿದ್ದ ಮೆತ್ತಪ್ಪನೇ ತೊದಲುತ್ತಾ ಮಾತಾಡಿದ.

"ಹಿಟ್ಟನ್ನು ನಾನೇ ತಿಂದೆ. ಇದೊಂದೇ ಅಲ್ಲ, ಕೊಟ್ಟದ್ದನ್ನೆಲ್ಲ ದಾರಿಯಲ್ಲೇ ತಿಂದೆ. ಇವಳಿಗೆ ಮೂಳೆ ತಂದೆ. ನಿಮಗೆ ಅದು ಹೇಳಿದೆ, ಇವಳಿಗೆ ಇದು ಹೇಳಿದೆ. ಅಯ್ಯೋ, ಹೊಟ್ಟೆ ಒಡೆಯುತ್ತದೆ, ಏನಾದರೂ ಮಾಡಿ."

ಜೇನಕ್ಕನ ಕೂದಲು ನಿಮಿರಿತು. ಇವನು ಇಲ್ಲೇ ಬಿದ್ದಿರಲಿ ಎಂದುಕೊಂಡು ಚುಕ್ಕವ್ವನನ್ನು ಎಬ್ಬಿಸಲು ಹೋದಳು. ಚುಕ್ಕವ್ವ ಏಳಲಿಲ್ಲ.

"ಅವನನ್ನು ಬಿಟ್ಟು ಬರುವುದಿಲ್ಲ, ಮಗಳೇ. ಸುಳ್ಳು ಹೇಳುವುದಕ್ಕಾದರೂ ದಿನಾ ಇಲ್ಲಿಗೆ ಬಂದವನು ಅವನೊಬ್ಬನೇ."

ಆ ಮಾತು ಜೇನಕ್ಕನ ಎದೆಗೆ ನಾಟಿತು. ಗವಿಯೇನೂ ದೂರವಿರಲಿಲ್ಲ. ಒಂದು ದಿನ ಹತ್ತಿ ಬಂದಿದ್ದರೂ ಎಲ್ಲ ಗೊತ್ತಾಗುತ್ತಿತ್ತು. ಅವಳು ತಲೆ ತಗ್ಗಿಸಿ, "ತಪ್ಪು ಅವನದು ಮಾತ್ರ ಅಲ್ಲ, ನಂದೂ ಇದೆ," ಎಂದಳು. ಆಮೇಲೆ ನರಿಯನ್ನು ಬೆನ್ನ ಮೇಲೆ ಹಾಕಿಕೊಂಡಳು. ಉಬ್ಬುವ ಹಿಟ್ಟನ್ನು ತಡೆಯಲು ಬೇಕರಿಯವರು ಅದನ್ನು ತಣ್ಣಗಿಡುತ್ತಿದ್ದರು ಎಂದು ಕೆಂಚಿ ಕೂಗಿ ಹೇಳಿದಳು. ಗವಿಯ ಪಕ್ಕದಲ್ಲೇ ತಣ್ಣನೆಯ ಒರತೆ ಇತ್ತು. ಜೇನಕ್ಕ ಮೆತ್ತಪ್ಪನನ್ನು ಅದರಲ್ಲಿ ಕೂರಿಸಿ ನೀರು ಕುಡಿಸಿದಳು. ಸಾಕೆಂದರೂ ಬಿಡದೆ ಮತ್ತೆ ಕುಡಿಸಿದಳು. ಅವನು ವಾಂತಿ ಮಾಡಿದ. ಮತ್ತೆ ಮತ್ತೆ ಮಾಡಿದ. ಹೊತ್ತು ಇಳಿಯುವಷ್ಟರಲ್ಲಿ ಹೊಟ್ಟೆಯೂ ಇಳಿಯಿತು. ಒದ್ದೆಯಾಗಿ ನಡುಗುತ್ತಾ ಕೂತವನು ಚುಕ್ಕವ್ವನ ಮುಖ ನೋಡಲಾಗದೆ ಮಣ್ಣನ್ನೇ ನೋಡಿದ.

ಕುಳಿಯ ಅಂಚಿನಲ್ಲಿ ಹಿಡಿಯಷ್ಟು ಹಿಟ್ಟು ಉಳಿದಿತ್ತಲ್ಲ, ಅದನ್ನೇ ಹೊಸ ಹಿಟ್ಟಿಗೆ ಸೇರಿಸಿದರೆ ಸಾಕು, ಉಬ್ಬುತ್ತದೆ ಎಂದಳು ಕೆಂಚಿ. ಆದರೆ ಹೊಸ ಹಿಟ್ಟು ಬೀಸಬೇಕಿತ್ತು. ಮರುದಿನ ಯಾರೂ ಹೇಳುವ ಮೊದಲೇ ಮೆತ್ತಪ್ಪ ಎದ್ದುಹೋಗಿ ಬಂಡೆಯ ಮುಂದೆ ಕೂತ. ಬೆಳಗಿನಿಂದ ಮಧ್ಯಾಹ್ನದವರೆಗೆ ಗೋಧಿ ಉಜ್ಜಿದ. ಅಂಗೈಗೆ ಬೊಬ್ಬೆ ಬಂದರೂ ನಿಲ್ಲಿಸಲಿಲ್ಲ. ಜೇನಕ್ಕ ಕಲಸಿ ನಾದಿದಳು. ಹಿಟ್ಟು ಉಬ್ಬುವವರೆಗೂ ಎಲ್ಲರೂ ಸುತ್ತ ಕೂತು ಕಾದರು. ಸುದ್ದಿ ತಿಳಿದು ಗಂಗಿ ಬಂದಿದ್ದಳು, ಮೊಲಗಳು ಬಂದಿದ್ದವು. ಚುಕ್ಕವ್ವನೂ ಬಂದಿದ್ದಳು. ಗಂಗಿಯ ಮೈಗೆ ಒರಗಿ, ನಿಂತು ನಿಂತು, ಗುಡ್ಡವನ್ನು ತಾನೇ ಇಳಿದು ಬಂದಿದ್ದಳು.

ಜೇನಕ್ಕ ಹಿಟ್ಟನ್ನು ದಪ್ಪಗೆ ತಟ್ಟಿದಳು. ಕಾಲುದಾರಿಯ ಪಕ್ಕ ತಾನಾಗಿ ಬೆಳೆದಿದ್ದ ಟೊಮೆಟೊ ತಂದು ಗೊಜ್ಜು ಮಾಡಿ ಸವರಿದಳು. ಕೈಮಾ ಹರಡಿ ಮೇಲೆ ಚೀಸ್ ಕಿತ್ತು ಹಾಕಿದಳು. ಹುತ್ತದೊಳಗಿನ ಕೆಂಡವನ್ನು ಬದಿಗೆ ಸರಿಸಿ ಕಾದ ಕಲ್ಲಿನ ಮೇಲೆ ಇಟ್ಟಳು. ಅಂಚು ಎದ್ದಿತು. ಚೀಸ್ ಕರಗಿ ಗುಳ್ಳೆಗಳೆದ್ದು ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿತು. ಕಾಲುಗಂಟೆಯೊಳಗೆ ಅದು ಹೊರಗೆ ಬಂತು.

ಮೊದಲ ತುಂಡನ್ನು ಜೇನಕ್ಕ ಊದಿ ಆರಿಸಿ, ತನ್ನ ಕೈಯಾರೆ ಚುಕ್ಕವ್ವನ ಬಾಯಿಗಿಟ್ಟಳು. ಚೀಸಿನ ಎಳೆ ಬಾಯಿಯಿಂದ ಕೈವರೆಗೂ ಹಿಗ್ಗಿತು. ಚುಕ್ಕವ್ವ ಕಣ್ಣು ಮುಚ್ಚಿ ಒಸಡಿನಲ್ಲಿ ನಿಧಾನವಾಗಿ ಅಗಿದಳು. ನುಂಗಿದ ಮೇಲೆ ಇನ್ನೊಂದು ಕೊಡು ಎಂದಳು. ಅದನ್ನೂ ತಿಂದು ಮತ್ತೊಂದು ಕೇಳಿದಳು. ನಾಳೆಯೂ ಒಲೆ ಹಚ್ಚುತ್ತೀಯಾ ಎಂದು ವಿಚಾರಿಸಿದಳು. ಹಚ್ಚುತ್ತೇನೆ ಎಂದಳು ಜೇನಕ್ಕ. ಹಾಗಾದರೆ ನಾನೂ ಬರುತ್ತೇನೆ, ಯಾರೂ ಹೊತ್ತು ತರುವುದು ಬೇಡ ಎಂದಳು ಚುಕ್ಕವ್ವ.

ಮೆತ್ತಪ್ಪ ಎಲ್ಲರ ಹಿಂದೆ ನಿಂತಿದ್ದ. ಅವನ ಕೈಗೆ ಇನ್ನು ಯಾರೂ ಏನೂ ಕೊಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗೆಯೇ ಆಯಿತು ಕೂಡ. ಆದರೂ ಅವನು ಕಾಡು ಬಿಟ್ಟು ಹೋಗಲಿಲ್ಲ. ದಿನಾ ಬಂದು ಬಂಡೆಯ ಮುಂದೆ ಕೂತು ಹಿಟ್ಟು ಬೀಸಿದ. ಹದಿನೈದನೆಯ ದಿನ ಚುಕ್ಕವ್ವ ಅವನನ್ನು ಹೆಸರು ಹಿಡಿದು ಕರೆದು, ಪಕ್ಕದಲ್ಲಿ ಜಾಗ ಬಿಟ್ಟಳು. ಜೇನಕ್ಕ ಒಂದು ತುಂಡು ಮುರಿದು ಅವನ ಎಲೆಗೂ ಹಾಕಿದಳು. ಅವನು ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಸಣ್ಣ ಸಣ್ಣ ತುತ್ತು ಮಾಡಿಕೊಂಡು ತಿಂದ.

ನೀತಿ: ಹಸಿದವರ ಹೆಸರು ಹೇಳಿ ತನ್ನ ಹೊಟ್ಟೆ ತುಂಬಿಕೊಳ್ಳುವವನ ಮೋಸ ಒಂದು ದಿನ ಬಯಲಾಗಿಯೇ ಆಗುತ್ತದೆ, ಪ್ರೀತಿಸುವವರಿಗೆ ಕೊಡುವುದನ್ನು ನಾವೇ ಹೋಗಿ, ನಮ್ಮ ಕೈಯಾರೆ ಕೊಡಬೇಕು.