ಕ್ರಂಪ್ ಸಾಹೇಬರ ವಿಷಾದ

ಮುದ್ದನಗುಡಿ ಸಂಸ್ಥಾನದಲ್ಲಿ ಇದ್ದದ್ದು ಒಂದೇ ಆನೆ. ಅದು ಸಾಕಾಗಿತ್ತು ಕೂಡ. ಎರಡನೆಯದು ಬಂದಿದ್ದರೆ ಅದನ್ನು ನಿಲ್ಲಿಸಲು ಪಕ್ಕದ ಸಂಸ್ಥಾನದವರ ಜಾಗ ಕೇಳಬೇಕಾಗುತ್ತಿತ್ತು.

ಆನೆಯ ಹೆಸರು ಲಚ್ಚಮ್ಮ. ರಾಜ ಬಸವಲಿಂಗ ನಾಯಕರು ಹುಟ್ಟಿದ ವಾರವೇ ಅವಳೂ ಹುಟ್ಟಿದ್ದಳು. ಈಗ ಇಬ್ಬರಿಗೂ ಮೊಣಕಾಲು ನೋವು. ದಿನಾ ಸಂಜೆ ರಾಜರು ಲಾಯಕ್ಕೆ ಹೋಗಿ, ಅವಳಿಗೆ ಬೆಲ್ಲ ತಿನ್ನಿಸಿ, ರಾಣಿಯ ಮೇಲಿನ ದೂರುಗಳನ್ನೆಲ್ಲ ಹೇಳಿಕೊಂಡು ಹಗುರಾಗಿ ಬರುತ್ತಿದ್ದರು.

ಒಂದು ಬೆಳಿಗ್ಗೆ ಕ್ರಂಪ್ ಸಾಹೇಬರಿಂದ ಕಾಗದ ಬಂತು. ಸಂಸ್ಥಾನದ ಮೇಲೆ ಕಣ್ಣಿಡಲು ಇಂಗ್ಲಿಷ್ ಸರ್ಕಾರ ಕೂರಿಸಿದ್ದ ಅಧಿಕಾರಿ ಈತ. ಕಣ್ಣಿಟ್ಟದ್ದರ ಮೇಲೆ ಕೈಯನ್ನೂ ಇಡುವ ಅಭ್ಯಾಸ ಇತ್ತು. ಅರಮನೆಯಲ್ಲಿ ಇಂಗ್ಲಿಷ್ ಬಲ್ಲವನು ಗವಿಯಪ್ಪ ಒಬ್ಬನೇ. ಕಾಗದ ಓದಿ ಹೇಳುವುದು ಅವನ ಕೆಲಸ. ಕೇಳದಿದ್ದರೂ ಅಭಿಪ್ರಾಯ ಹೇಳುವುದು ಅವನ ಚಟ.

ಗವಿಯಪ್ಪ ಓದಿದ: "'ನಿಮ್ಮ ಆನೆಯನ್ನು ಗುರುವಾರ ನನ್ನ ಬೇಟೆಯ ಉಪಯೋಗಕ್ಕೆ ಶಾಶ್ವತವಾಗಿ ತೆಗೆದುಕೊಳ್ಳಲಿದ್ದೇನೆ ಎಂದು ತಿಳಿಸಲು ವಿಷಾದಿಸುತ್ತೇನೆ.'"

ರಾಜರು ಕುಸಿದು ಕೂತರು. "ಹೋದ ವರ್ಷ ಕೋಟೆಯ ಫಿರಂಗಿ ಒಯ್ದಾಗಲೂ ವಿಷಾದಿಸಿದ್ದನಲ್ಲೋ! ಕೆರೆ ಏರಿಯ ಬಂಗಲೆ ಕಿತ್ಕೊಂಡಾಗಲೂ!"

"ಅದು ಅವರ ಬರವಣಿಗೆಯ ಪದ್ಧತಿ, ಪ್ರಭು. ಕೆಟ್ಟ ಸುದ್ದಿ ಹೇಳೋ ಮುಂಚೆ ತಮಗೇ ದುಃಖ ಆಗಿದೆ ಅಂತ ಬರೀತಾರೆ. ಊಟಕ್ಕೆ ಬರಲ್ಲ, ವಿಷಾದ. ಕೆಲಸ ಕೊಡಲ್ಲ, ವಿಷಾದ. ರೈಲು ತಡ, ಅದಕ್ಕೂ ವಿಷಾದ."

"ನಿಜವಾಗಿ ದುಃಖ ಆಗಿರುತ್ತೋ?"

"ಇಲ್ಲಿವರೆಗೆ ಯಾರೂ ಹೋಗಿ ನೋಡಿಲ್ಲ, ಪ್ರಭು."

ರಾಜರ ಕಣ್ಣು ತುಂಬಿತು. "ಲಚ್ಚಮ್ಮನ್ನ ಕಳಿಸಿ ನಾನು ಹೇಗಿರಲಿ? ಆಗಲ್ಲ ಅಂದ್ರೆ ನನ್ನ ಗದ್ದುಗೇನೇ ಕಿತ್ಕೋತಾನೆ."

ಗವಿಯಪ್ಪ ಕಾಗದವನ್ನು ಮಡಿಸಿ ಜೇಬಿಗೆ ಹಾಕಿದ. "ನಾಳೆ ಬುಧವಾರ. ಊರವರನ್ನ ಕರಕೊಂಡು ಸಾಹೇಬರನ್ನ ಮಾತಾಡಿಸ್ಕೊಂಡು ಬರ್ತೀನಿ. ಪಾಪ, ಅಷ್ಟೊಂದು ದುಃಖದಲ್ಲಿದ್ದಾರೆ."

ಮರುದಿನ ಬೆಳಿಗ್ಗೆ ಕ್ರಂಪ್ ಸಾಹೇಬ ಮೊಟ್ಟೆ ಒಡೆಯಲು ಚಮಚ ಎತ್ತಿದ್ದ. ಅಷ್ಟರಲ್ಲಿ ಇನ್ನೂರು ಜನ ಬರಿಗಾಲಲ್ಲಿ ಬಂಗಲೆಯ ಅಂಗಳಕ್ಕೆ ಬಂದರು. ಮುಂದೆ ಹೊನ್ನಜ್ಜಿ. ಸಾವಿನ ಮನೆಗಳಲ್ಲಿ ಅವಳಷ್ಟು ಚೆನ್ನಾಗಿ ಅಳುವವರು ಏಳು ಹಳ್ಳಿಯಲ್ಲಿ ಇರಲಿಲ್ಲ.

"ಅಯ್ಯೋ ನನ್ನಪ್ಪಾ! ಹೆತ್ತೋರಿಲ್ಲದ ಊರಲ್ಲಿ ಒಬ್ಬನೇ ಕೂತು ವಿಷಾದ ಪಡ್ತಿದೀಯಲ್ಲೋ!" ಎಂದು ಎದೆ ಬಡಿದುಕೊಂಡಳು. ಹಿಂದಿನ ನೂರೈವತ್ತು ಹೆಂಗಸರು ದನಿಗೂಡಿಸಿದರು.

ನಾಲ್ವರು ಅಡುಗೆಮನೆಗೆ ನುಗ್ಗಿ ಒಲೆಗೆ ನೀರು ಹೊಯ್ದು, ಹುರಿದ ಕೋಳಿಯನ್ನು ಆಚೆ ಸಾಗಿಸಿದರು. ಒಬ್ಬ ಸಾಹೇಬನ ಕಾಲಿನಿಂದ ಬೂಟು ಎಳೆದ. ಇನ್ನೊಬ್ಬ ಮೊಟ್ಟೆ ಎತ್ತಿಕೊಂಡು ಸಪ್ಪೆ ಗಂಜಿಯ ಬಟ್ಟಲು ಇಟ್ಟ.

ಸಾಹೇಬನಿಗೆ ಕನ್ನಡ ಬರುತ್ತಿತ್ತು, ಬೈಯುವಷ್ಟು. ಅದೆಲ್ಲ ಮುಗಿದ ಮೇಲೆ ಕೇಳಿದ: "ಯಾರು ಸತ್ತರು?"

"ಅದನ್ನ ತಾವೇ ಹೇಳಬೇಕು, ದೊರೆ," ಎಂದ ಗವಿಯಪ್ಪ, ಕಾಗದ ಬಿಚ್ಚಿ. "ವಿಷಾದ ತಮ್ಮದು. ದುಃಖದ ಮನೇಲಿ ನಮ್ಮ ಕಡೆ ಒಲೆ ಹಚ್ಚಲ್ಲ. ಹನ್ನೊಂದು ದಿನ ಗಂಜಿ ನಾವೇ ತರ್ತೀವಿ. ಪಾಳಿ ಮೇಲೆ ಬಂದು ಅಳ್ತೀವಿ. ತಮ್ಮನ್ನ ಒಂದು ಗಳಿಗೆ ಒಂಟಿಯಾಗಿ ಬಿಡಲ್ಲ."

"ಶನಿವಾರ ಗವರ್ನರ್ ಬೇಟೆಗೆ ಬರುತ್ತಾರೆ!"

"ಬರಲಿ ದೊರೆ. ಅವರಿಗೂ ಗಂಜಿ ಇದೆ."

ಹೊನ್ನಜ್ಜಿ ಹೊಸ ರಾಗ ಎತ್ತಿದಳು. ಸಾಹೇಬ ಕಿವಿ ಮುಚ್ಚಿಕೊಂಡು ಕೂಗಿದ: "ನನಗೆ ಯಾವ ದುಃಖವೂ ಇಲ್ಲ!"

ಅಳು ತಟ್ಟನೆ ನಿಂತಿತು.

"ಹಾಗಾದ್ರೆ ನಮಗೇನು ಕೆಲಸ? ಹೊರಟ್ವಿ," ಎಂದ ಗವಿಯಪ್ಪ. "ಅದನ್ನೇ ಕಾಗದದಲ್ಲಿ ಬರೆದುಕೊಟ್ಟುಬಿಡಿ. 'ಮುದಿ ರಾಜರ ಮುದಿ ಆನೆ ಕಿತ್ಕೋತಿದ್ದೀನಿ, ನನಗೇನೂ ಬೇಜಾರಿಲ್ಲ' ಅಂತ. ಕೆಳಗೆ ರುಜು ಹಾಕಿ. ಗವರ್ನರ್ ಸಾಹೇಬರು ಬಂದಾಗ ಓದಿ ಹೇಳ್ತೀನಿ."

ಸಾಹೇಬ ಪೆನ್ನು ಹಿಡಿದ. ಇಪ್ಪತ್ತು ವರ್ಷ ಕಾಗದ ಬರೆದ ಕೈ ಅದು. ಎಷ್ಟೋ ಜನರಿಂದ ಏನೇನೋ ಕಿತ್ತುಕೊಂಡಿತ್ತು, ಆದರೆ ವಿಷಾದಿಸದೆ ಒಂದನ್ನೂ ಕಿತ್ತುಕೊಂಡಿರಲಿಲ್ಲ. ಆ ಒಂದು ಮಾತು ಬಿಟ್ಟು ಬರೆದು ನೋಡಿದ. ಕಳ್ಳನ ಕಾಗದದ ಹಾಗೆ ಕಂಡಿತು. ಹರಿದ. ಇನ್ನೊಮ್ಮೆ ಬರೆದ. ಅದನ್ನೂ ಹರಿದ. ಗಂಜಿ ಆರುತ್ತಿತ್ತು.

ಕೊನೆಗೆ ಹಲ್ಲು ಕಚ್ಚಿಕೊಂಡು ಬರೆದುಕೊಟ್ಟದ್ದು ಇದು: "ಆನೆಯನ್ನು ನಿಮ್ಮಲ್ಲೇ ಬಿಡುತ್ತಿದ್ದೇನೆ ಎಂದು ತಿಳಿಸಲು ಸಂತೋಷಿಸುತ್ತೇನೆ."

ಗವಿಯಪ್ಪ ಎರಡು ಸಲ ಓದಿ ಜನರತ್ತ ತಿರುಗಿದ. "ದೊರೆಗಳಿಗೆ ಸಂತೋಷ ಆಗಿದೆಯಂತೆ! ಎಲ್ರಯ್ಯಾ ವಾಲಗದವರು?"

ಸಾಹೇಬ ಒಳಗೆ ಓಡಿ ಅಗುಳಿ ಹಾಕಿಕೊಂಡ.

ಸಂಜೆ ಲಾಯದಲ್ಲಿ ರಾಜರು ಲಚ್ಚಮ್ಮನ ಸೊಂಡಿಲು ಅಪ್ಪಿಕೊಂಡು, ನಕ್ಕು ನಕ್ಕು ಕೆಮ್ಮಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಾಹೇಬನ ಗತ್ತಿನಲ್ಲಿ ಹೇಳಿದರು: "ಗವಿಯಪ್ಪ, ನಿನಗೆ ಕೊಡೋಕೆ ನನ್ನ ಹತ್ರ ಈ ಹೆಗಲ ಮೇಲಿನ ಶಾಲು ಬಿಟ್ಟು ಏನೂ ಉಳಿದಿಲ್ಲ. ಚಳಿಗಾಲ ಬೇರೆ, ಶಾಲು ನನಗೇ ಬೇಕು. ಆದ್ದರಿಂದ ಬಹುಮಾನ ಇಲ್ಲ ಎಂದು ತಿಳಿಸಲು ವಿಷಾದಿಸುತ್ತೇನೆ."

ಗವಿಯಪ್ಪ ಕೈಮುಗಿದ.

"ಅಯ್ಯೋ ಪ್ರಭು, ತಾವೂ ದುಃಖದಲ್ಲಿದ್ದೀರಾ? ಇರಿ, ಹೊನ್ನಜ್ಜಿ ಇನ್ನೂ ಮನೆ ಸೇರಿರಲಿಕ್ಕಿಲ್ಲ. ಕರಕೊಂಡು ಬಂದೆ!"

ಅವನು ಬಾಗಿಲು ದಾಟುವ ಮೊದಲೇ ಶಾಲು ಹಾರಿಬಂದು ಅವನ ತಲೆಯ ಮೇಲೆ ಬಿತ್ತು.