ಹೊನ್ನಿಯ ಇಂಜಿನ್ನಿಗೆ ಒಂದು ಬಳೆ

ಬನ್ನಿ ಮಕ್ಕಳೇ, ಗಲಾಟೆ ಬಿಟ್ಟು ಕೂತುಕೊಳ್ಳಿ. ಹೊಳೆ ಕಡಲಿಗೆ ಸೇರುವ ಕಡೆ ಒಂದು ಕುದ್ರು ಇತ್ತು. ಕುದ್ರು ಅಂದರೆ ಸುತ್ತ ನೀರು, ನಡುವೆ ನೆಲ. ಸುತ್ತಲಿನ ನೀರೆಲ್ಲ ಉಪ್ಪು. ಬಾವಿಯ ನೀರೂ ಉಪ್ಪು. ಕುಡಿಯುವ ನೀರು ಆಚೆ ದಡದಲ್ಲಿ.

ಕುದ್ರುವಿಗೆಲ್ಲ ಒಂದೇ ದೋಣಿ. ಅದು ಹೊನ್ನಿಯದು. ತುಡು ತುಡು ತುಡು ಅಂತ ಹೋಗುತ್ತಿತ್ತು. ತುಡು ತುಡು ತುಡು ಅಂತ ನೀರು ತರುತ್ತಿತ್ತು. ಒಂದು ದಿನ ತುಡು ಅಂದಿತು. ಇನ್ನೊಂದು ತುಡು ಅನ್ನಲಿಲ್ಲ. ಸದ್ದೇ ಹೋಯಿತು.

ಹುಟ್ಟು ಹಾಕಿ ಹೋಗಬಹುದಿತ್ತಲ್ಲ ಅಂತೀರಾ? ಹೊನ್ನಿಯ ಗಂಡ ಹಿಂದೊಮ್ಮೆ ಹಾಗೇ ಹೋಗಿದ್ದ. ಸೆಳೆತ ಅವನನ್ನು ಕಡಲಿಗೆ ಒಯ್ದಿತು. ಅವನು ತಿರುಗಿ ಬರಲಿಲ್ಲ.

ಎರಡು ದಿನ ಕಳೆಯಿತು. ಎಲ್ಲರ ಕೊಡ ಒಣಗಿತು. ಹೊನ್ನಿಯ ಮಗಳಿಗೆ ಎದೆಹಾಲು ಬತ್ತಿತು. ಮನೆಯಲ್ಲಿ ಉಳಿದದ್ದು ಒಂದೇ ಲೋಟ ನೀರು. ಅದು ಮಗಳ ಕೂಸಿಗೆ. ಕೂಸು ಜೋರಾಗಿ ಅಳುತ್ತಿತ್ತು.

ಹೊನ್ನಿ ಇಂಜಿನ್ನಿನ ಮುಚ್ಚಳ ತೆಗೆದಳು. ಒಳಗೆಲ್ಲ ತುಕ್ಕು.

"ಓಡು ಇಂಜಿನ್ನೇ," ಅಂದಳು.

"ಓಡೂದಿಲ್ಲ," ಅಂದಿತು ಇಂಜಿನ್ನು. "ಉಪ್ಪು ನನ್ನನ್ನು ತಿಂದಿತು. ನೀರು ತಡೆಯುವ ರಬ್ಬರ್ ಬಳೆ ಸವೆದುಹೋಯ್ತು. ಹೊಸ ಬಳೆ ಕೊಡು."

ಹೊನ್ನಿ ರಿಪೇರಿಯ ಬಾಬಣ್ಣನ ಹತ್ತಿರ ಹೋದಳು.

"ಬಾಬಣ್ಣ, ಬಾಬಣ್ಣ, ಬಳೆ ಕೊಡು. ಬಳೆ ಇಂಜಿನ್ನಿಗೆ. ಇಂಜಿನ್ನು ದೋಣಿಗೆ. ದೋಣಿ ನೀರಿಗೆ. ನೀರು ಕೂಸಿಗೆ."

"ಬಳೆ ಉಂಟು," ಅಂದ ಬಾಬಣ್ಣ. "ಆದ್ರೆ ತುಕ್ಕು ಹಿಡಿದ ನಟ್ಟು ತಿರ್ಗೂದಿಲ್ಲ ಮಾರಾಯ್ತಿ. ಎಣ್ಣೆ ತಕೊಂಡು ಬಾ."

ಹೊನ್ನಿ ಗುಲಾಬಿಯ ಮನೆಗೆ ಹೋದಳು. ಕುದ್ರುವಿನಲ್ಲಿ ಎಣ್ಣೆ ಇದ್ದದ್ದು ಅವಳಲ್ಲಿ ಮಾತ್ರ.

"ಗುಲಾಬಿ, ಗುಲಾಬಿ, ಎಣ್ಣೆ ಕೊಡು. ಎಣ್ಣೆ ಬಾಬಣ್ಣನಿಗೆ. ಬಳೆ ಇಂಜಿನ್ನಿಗೆ. ಇಂಜಿನ್ನು ದೋಣಿಗೆ. ದೋಣಿ ನೀರಿಗೆ. ನೀರು ಕೂಸಿಗೆ."

"ಎಣ್ಣೆ ಪೆಟ್ಟಿಗೆಯೊಳಗೆ ಉಂಟು," ಅಂದಳು ಗುಲಾಬಿ. "ಪೆಟ್ಟಿಗೆ ಮೇಲೆ ಕೋಳಿ ಕಾವು ಕೂತಿದೆ. ನೀನೇ ಕೇಳು."

ಅಲ್ಲಿ ಮನೆಯಲ್ಲಿ ಕೂಸು ಸಣ್ಣಗೆ ಅಳುತ್ತಿತ್ತು.

"ಕೋಳಿ, ಕೋಳಿ, ಮೇಲೆ ಏಳು. ನೀನು ಎದ್ದರೆ ಎಣ್ಣೆ. ಎಣ್ಣೆ ಬಾಬಣ್ಣನಿಗೆ. ಬಳೆ ಇಂಜಿನ್ನಿಗೆ. ಇಂಜಿನ್ನು ದೋಣಿಗೆ. ದೋಣಿ ನೀರಿಗೆ. ನೀರು ಕೂಸಿಗೆ."

"ಏಳೂದಿಲ್ಲ," ಅಂದಿತು ಕೋಳಿ. "ಎದ್ದರೆ ಮೊಟ್ಟೆ ತಣಿಯುತ್ತೆ. ಒಳಗಿನ ಮರಿ ಸಾಯುತ್ತೆ. ನಿನಗೆ ನಿನ್ನ ಕೂಸು, ನನಗೆ ನನ್ನ ಮರಿ. ಮೊಟ್ಟೆ ಮುಚ್ಚಲಿಕ್ಕೆ ಕಂಬಳಿ ತಾ."

ಹೊನ್ನಿ ಸುಬ್ಬಜ್ಜಿಯ ಹತ್ತಿರ ಹೋದಳು. ಅಜ್ಜಿ ಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಳು.

"ಅಜ್ಜಿ, ಅಜ್ಜಿ, ಕಂಬಳಿ ಕೊಡು. ಕಂಬಳಿ ಕೋಳಿಗೆ. ಕೋಳಿ ಎದ್ದರೆ ಎಣ್ಣೆ. ಎಣ್ಣೆ ಬಾಬಣ್ಣನಿಗೆ. ಬಳೆ ಇಂಜಿನ್ನಿಗೆ. ಇಂಜಿನ್ನು ದೋಣಿಗೆ. ದೋಣಿ ನೀರಿಗೆ. ನೀರು ಕೂಸಿಗೆ."

"ಕೊಡ್ತೆ," ಅಂದಳು ಅಜ್ಜಿ. "ಆದ್ರೆ ನಾಲಿಗೆ ಒಣಗಿ ಅಂಟಿಕೊಂಡಿದೆ. ಮೊದಲು ನೀರು ತಾ."

ನೀರು! ನೀರು ಅಜ್ಜಿಗೆ. ಕಂಬಳಿ ಕೋಳಿಗೆ. ಕೋಳಿ ಎದ್ದರೆ ಎಣ್ಣೆ. ಎಣ್ಣೆ ಬಾಬಣ್ಣನಿಗೆ. ಬಳೆ ಇಂಜಿನ್ನಿಗೆ. ಇಂಜಿನ್ನು ದೋಣಿಗೆ. ದೋಣಿ ಮತ್ತೆ ನೀರಿಗೆ. ಹೊನ್ನಿ ನಡೆದೂ ನಡೆದೂ ಹೊರಟಲ್ಲಿಗೇ ಬಂದಿದ್ದಳು. ಅವಳಿಗೆ ಅಳು ಬಂತು. ಕಣ್ಣಲ್ಲಿ ಬಂದದ್ದೂ ಉಪ್ಪು ನೀರೇ.

ಅವಳು ಮನೆಗೆ ಹೋದಳು. ಕೂಸು ಅಳುತ್ತಿರಲಿಲ್ಲ. ಕಣ್ಣು ಬಿಡುತ್ತಿರಲಿಲ್ಲ. ಹೊನ್ನಿ ಮಗಳಿಗೆ ಅಜ್ಜಿಯ ಮಾತು ಹೇಳಿದಳು. ಮಗಳು ಕೂಸಿನ ತುಟಿಗೆ ಒಂದು ಹನಿ ಸವರಿದಳು. ಲೋಟ ತೆಗೆದು ಅಮ್ಮನ ಕೈಗೆ ಕೊಟ್ಟಳು.

ಅರ್ಧ ಲೋಟ ನೀರು ಅಜ್ಜಿ ಕುಡಿದಳು. ಅಜ್ಜಿ ಕಂಬಳಿ ಕೊಟ್ಟಳು. ಕಂಬಳಿ ಕೋಳಿಗೆ. ಕೋಳಿ ಎದ್ದಿತು. ಗುಲಾಬಿ ಮೊಟ್ಟೆಗಳನ್ನು ಕಂಬಳಿಯಲ್ಲಿ ಸುತ್ತಿ ಕೆಳಗಿಟ್ಟು ಎಣ್ಣೆ ಕೊಟ್ಟಳು. ಎಣ್ಣೆ ಬಾಬಣ್ಣನಿಗೆ. ಬಾಬಣ್ಣ ನಟ್ಟಿಗೆ ಎಣ್ಣೆ ಬಿಟ್ಟ. ಕಿರ್ರ್ ಅಂತ ನಟ್ಟು ತಿರುಗಿತು. ಕರಕರ ತುಕ್ಕು ಕೆರೆದ. ಬಳೆ ಕೈಗೆ ತಗೊಂಡ. ಹಾಗೇ ನಿಂತುಬಿಟ್ಟ.

"ಉಪ್ಪಿನ ಮೇಲೆ ಬಳೆ ಕೂರೂದಿಲ್ಲ," ಅಂದ. "ಸಿಹಿನೀರಲ್ಲಿ ತೊಳೀಬೇಕು. ದಿನಾ ಹೋಗಿ ಬಂದ ಮೇಲೆ ಸಿಹಿನೀರು ಹೊಯ್ಯಿ ಅಂತ ಎಷ್ಟು ಸಲ ಹೇಳಿದೆ?"

"ಬಾಯಿಗೇ ಸಾಲದ ನೀರನ್ನ ಕಬ್ಬಿಣಕ್ಕೆ ಹೊಯ್ಯೂದಾ ಅಂದ್ಕೊಂಡೆ," ಅಂದಳು ಹೊನ್ನಿ.

ಲೋಟದಲ್ಲಿ ಇನ್ನರ್ಧ ನೀರಿತ್ತು. ಹೊನ್ನಿ ಆ ಅರ್ಧವನ್ನೂ ಇಂಜಿನ್ನಿಗೆ ಹೊಯ್ದಳು. ಈಗ ಕುದ್ರುವಿನಲ್ಲಿ ಒಂದು ಹನಿ ಸಿಹಿನೀರೂ ಇರಲಿಲ್ಲ.

ಬಾಬಣ್ಣ ಒರೆಸಿದ. ಬಳೆ ಕೂರಿಸಿದ. ನಟ್ಟು ಬಿಗಿದ. ಹೊನ್ನಿ ಹಗ್ಗ ಎಳೆದಳು. ಸದ್ದಿಲ್ಲ. ಮತ್ತೆ ಎಳೆದಳು. ಸದ್ದಿಲ್ಲ. ಮೂರನೇ ಸಲ ಎಳೆದಳು.

ತುಡು. ತುಡು ತುಡು. ತುಡು ತುಡು ತುಡು.

ಇಂಜಿನ್ನು ದೋಣಿಗೆ. ದೋಣಿ ನೀರಿಗೆ. ನೀರು ಕೂಸಿಗೆ. ಒಂದು ಚಮಚ ಕುಡಿಸಿದರು. ಎರಡು ಚಮಚ ಕುಡಿಸಿದರು. ಮೂರನೇ ಚಮಚಕ್ಕೆ ಕೂಸು ಕಣ್ಣು ಬಿಟ್ಟಿತು. ಕುದ್ರುವಿಗೆಲ್ಲ ಕೇಳುವ ಹಾಗೆ ಅಳತೊಡಗಿತು. ಯಾರೂ ಸುಮ್ಮನಿರು ಅನ್ನಲಿಲ್ಲ.

ಅವತ್ತಿನಿಂದ ತಂದ ನೀರಲ್ಲಿ ಮೊದಲ ಲೋಟ ಕೂಸಿಗೆ. ಎರಡನೇ ಲೋಟ ಅಜ್ಜಿಗೆ. ಮೂರನೇ ಲೋಟ ಇಂಜಿನ್ನಿಗೆ. ಆಮೇಲೆ ಹೊನ್ನಿಗೆ.

ಕಥೆ ದಡ ಮುಟ್ಟಿತು. ಹೋಗಿ, ನೀವೂ ನೀರು ಕುಡಿಯಿರಿ. ಚೆಲ್ಲಬೇಡಿ.